ಆ ಮಧ್ಯರಾತ್ರಿಯಲ್ಲಿ ನಮ್ಮ ಮೋಟೆಬೆನ್ನೂರು ಎಲ್ಲಿತ್ತು?

‘ಫ್ರೀಡಮ್ ಅಟ್ ಮಿಡ್‌ನೈಟ್ ನೋಡಿದ್ಯೇನು? ಇನ್ನೂ ನೋಡಿಲ್ಲಾ? ಹಂಗಾರ ನೀ ಏನೂ ನೋಡಿಲ್ಲ ತಗೋ!’

ಆಫೀಸಿನಲ್ಲಿ ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ಸ್ಟೇಟಸ್‌ನಲ್ಲಿ ಅದೇ, ಊಟದ ಹೊತ್ತಿನ ಮಾತಿನಲ್ಲೂ ಅದೇ. ರಿವ್ಯೂಗಳಲ್ಲಂತೂ ಹೊಗಳಿಕೆಯೋ ಹೊಗಳಿಕೆ. ನಾನು ಬ್ಯಾಡಗಿಯವಳು, ಕೆಲಸ ರಾಣೆಬೆನ್ನೂರಿನ ಒಂದು ಬ್ಯಾಂಕಿನಲ್ಲಿ. ಹೋಗ್ತಾ ಬರ್ತಾ ಬಸ್ಸಿನಲ್ಲಿ ಸಿಗುವ ಸಮಯವೇ ನನ್ನ ಸೀರೀಸ್ ಸಮಯ. ಹಳೆಯ ಕಾಲದ ಕಥೆ ಅಂದ್ರೆ ಮೊದಲಿನಿಂದಲೂ ಜೀವ. ಆ ಸೀರೆ, ಆ ಕಾರು, ಆ ಟೆಲಿಫೋನು ನೋಡೋದೇ ಒಂದು ಖುಷಿ. ಹಾಗಾಗಿ ಇಯರ್‌ಫೋನ್ ಹಾಕಿಕೊಂಡು, ದೊಡ್ಡ ಆಸೆ ಇಟ್ಟುಕೊಂಡೇ ಮೊದಲ ಸೀಸನ್ನಿನ ಏಳೂ ಎಪಿಸೋಡ್ ನೋಡಿ ಮುಗಿಸಿದೆ.

ಮುಗಿದ ಮೇಲೆ ಉಳಿದದ್ದು ನಿರಾಸೆ. ‘ಚೆನ್ನಾಗಿಲ್ಲ’ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥ ನಿರಾಸೆಯೂ ಅಲ್ಲ. ಎಲ್ಲರೂ ಮೆಚ್ಚಿದ್ದು ನನಗೇಕೆ ಹಿಡಿಸಲಿಲ್ಲ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಸಿಕ್ಕ ಉತ್ತರವನ್ನು ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಒಳ್ಳೆಯ ಮಾತು

ಗೊತ್ತಿಲ್ಲದವರಿಗೆ ಒಂದಿಷ್ಟು ವಿವರ. ನಿಖಿಲ್ ಆಡ್ವಾಣಿ ನಿರ್ದೇಶಿಸಿದ ಈ ಸರಣಿಯ ಮೊದಲ ಸೀಸನ್ 2024ರ ನವೆಂಬರ್‌ನಲ್ಲಿ ಸೋನಿ ಲಿವ್‌ನಲ್ಲಿ ಬಂತು. ಲ್ಯಾರಿ ಕಾಲಿನ್ಸ್ ಮತ್ತು ಡೊಮಿನಿಕ್ ಲ್ಯಾಪಿಯೇರ್ 1975ರಲ್ಲಿ ಬರೆದ ಅದೇ ಹೆಸರಿನ ಪ್ರಸಿದ್ಧ ಪುಸ್ತಕ ಇದಕ್ಕೆ ಆಧಾರ. ಬ್ರಿಟಿಷರು ಹೊರಡುವ ಕಾಲದ ರಾಜಕೀಯ, ದೇಶ ವಿಭಜನೆಯ ಚೌಕಾಸಿ, ನೆಹರೂ–ಪಟೇಲ್–ಗಾಂಧಿ–ಜಿನ್ನಾ–ಮೌಂಟ್‌ಬ್ಯಾಟನ್ ಇವರ ನಡುವಿನ ಎಳೆದಾಟ ಇದರ ವಸ್ತು.

ಒಳ್ಳೆಯದನ್ನು ಒಳ್ಳೆಯದು ಅನ್ನಲೇಬೇಕು. ಪಟೇಲರಾಗಿ ರಾಜೇಂದ್ರ ಚಾವ್ಲಾ ಅವರ ನಟನೆ ಗಟ್ಟಿ. ಮಾತು ಕಡಿಮೆ, ನೋಟದಲ್ಲೇ ಲೆಕ್ಕಾಚಾರ. ಆರಿಫ್ ಜಕಾರಿಯಾ ಅವರ ಜಿನ್ನಾ ಸಿಗರೇಟು ಹಿಡಿಯುವ ರೀತಿಯಲ್ಲೇ ಹಟ ಕಾಣಿಸುತ್ತೆ. ನೆಹರೂ ಪಾತ್ರದ ಸಿದ್ಧಾಂತ್ ಗುಪ್ತಾ ತೀರಾ ಚಿಕ್ಕವರಾಗಿ ಕಂಡರೂ ಆ ಚಡಪಡಿಕೆಯನ್ನು ಚೆನ್ನಾಗಿ ಹಿಡಿದಿದ್ದಾರೆ. 1947ರ ಫೆಬ್ರವರಿ 20ರಂದು ಲಂಡನ್ನಿನಲ್ಲಿ ಪ್ರಧಾನಿ ಅಟ್ಲೀ ‘1948ರ ಜೂನ್ ಒಳಗೆ ಹೊರಡ್ತೀವಿ’ ಅಂದಿದ್ದರು. ಮೌಂಟ್‌ಬ್ಯಾಟನ್ ಬಂದ ಮೇಲೆ ಅದು 1947ರ ಆಗಸ್ಟ್ 15ಕ್ಕೆ ಬಂದು ನಿಂತಿತು. ಆ ಆತುರದ ಬಿಸಿ ಸರಣಿಯಲ್ಲಿ ನಮಗೂ ತಾಗುತ್ತೆ. ಸೆಟ್ಟು, ಉಡುಪು, ಬೆಳಕು ಯಾವುದಕ್ಕೂ ಹೆಸರಿಡುವ ಹಾಗಿಲ್ಲ.

ಹಾಗಾದ್ರೆ ತಕರಾರು ಏನು?

ಕೋಣೆ, ಕೋಣೆ, ಮತ್ತೊಂದು ಕೋಣೆ

ಕೊನೆಯ ಎರಡು ಎಪಿಸೋಡನ್ನು ಮನೆಯಲ್ಲಿ ಟಿವಿಗೆ ಹಾಕಿದ್ದೆ. ಅವ್ವ ರೊಟ್ಟಿ ಬಡಿದು ಮುಗಿಸಿ ಬಂದು ಕೂತಳು. ಅವಳಿಗೆ ಹಿಂದಿ ಅಷ್ಟಕ್ಕಷ್ಟೇ. ಅರ್ಧ ಗಂಟೆ ಸುಮ್ಮನೆ ನೋಡಿ ಕೇಳಿದಳು: ‘ಯವ್ವಾ, ಈ ಮಂದಿ ಬರೇ ಖುರ್ಚಿ ಮ್ಯಾಲೆ ಕುಂತು ಮಾತಾಡ್ತಾರಲ್ಲ, ದೇಶ ಎಲ್ಲೈತಿ?’

ನಾನು ಏಳು ಎಪಿಸೋಡ್ ನೋಡಿ ಹುಡುಕುತ್ತಿದ್ದ ಮಾತನ್ನು ಅವ್ವ ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದಳು. ವೈಸ್‌ರಾಯ್ ಮನೆಯ ಕೋಣೆ, ಜಿನ್ನಾ ಮನೆಯ ಕೋಣೆ, ಕಾಂಗ್ರೆಸ್ ಸಭೆಯ ಕೋಣೆ, ಶಿಮ್ಲಾದ ಕೋಣೆ. ಒಬ್ಬರು ಬಾಗಿಲು ತೆಗೆದು ಒಳಗೆ ಬರ್ತಾರೆ, ಇನ್ನೊಬ್ಬರು ಸಿಟ್ಟು ಮಾಡಿಕೊಂಡು ಹೊರಗೆ ಹೋಗ್ತಾರೆ. ಮೇಲಾಗಿ ಅವರಿಗೆಲ್ಲ ಮೊದಲೇ ಗೊತ್ತಿರುವ ವಿಷಯವನ್ನು ನಮಗೆ ತಿಳೀಲಿ ಅಂತ ಒಬ್ಬರಿಗೊಬ್ಬರು ವಿವರಿಸಿ ಹೇಳ್ತಾರೆ. ಪರೀಕ್ಷೆ ಹಿಂದಿನ ದಿನ ನೋಟ್ಸ್ ಓದಿದ ಹಾಗೆ ಆಗುತ್ತೆ.

ಸಾಮಾನ್ಯ ಜನ ಬರೋದೇ ಇಲ್ಲ ಅಂತಲ್ಲ. ಬರ್ತಾರೆ. ಆದರೆ ಬಹುತೇಕ ಘೋಷಣೆ ಕೂಗೋದಕ್ಕೆ, ಓಡೋದಕ್ಕೆ, ಇಲ್ಲವೇ ಸಾಯೋದಕ್ಕೆ. ವಿಭಜನೆಯ ಹಿಂಸೆಯ ದೃಶ್ಯಗಳು ಕರುಳು ಕಿವುಚುತ್ತವೆ, ನಿಜ. ಅದು ಮುಗಿದ ಕೂಡಲೇ ಕ್ಯಾಮೆರಾ ಮತ್ತೆ ಕೋಣೆಗೆ ಓಡಿಬಿಡುತ್ತೆ. ಸತ್ತವರು ಬದುಕಿದ್ದಾಗ ಏನು ಆಸೆ ಇಟ್ಟುಕೊಂಡಿದ್ದರು, ಯಾರ ಮಾತು ನಂಬಿದ್ದರು ಅಂತ ತಿಳಿಯೋ ಹೊತ್ತೇ ನಮಗೆ ಸಿಗೋದಿಲ್ಲ.

ಗುಂಪಾಗಿ ಕಾಣಿಸಿಕೊಳ್ಳೋದು ಹೇಗಿರುತ್ತೆ ಅಂತ ಬ್ಯಾಡಗಿಯವರಿಗೆ ಚೆನ್ನಾಗಿ ಗೊತ್ತು. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು, ರೈತರು ರೊಚ್ಚಿಗೆದ್ದು, ಎಪಿಎಂಸಿ ಕಚೇರಿಯ ಮೇಲೆ ದಾಳಿಯಾಗಿ, ವಾಹನಗಳು ಸುಟ್ಟವು. ಆ ದಿನ ಎಲ್ಲರ ಫೋನಿನಲ್ಲೂ ಓಡಿದ್ದು ಹೊಗೆಯ ದೃಶ್ಯ. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಆದರೆ ಮೆಣಸಿನಕಾಯಿ ಕೊಯ್ಯುವ ಆಳಿನ ಕೂಲಿ ಎಷ್ಟು, ಚೀಲ ಹೇರಿಕೊಂಡು ಬರುವ ಗಾಡಿ ಬಾಡಿಗೆ ಎಷ್ಟು, ಟೆಂಡರ್ ಚೀಟಿ ನೋಡಿದಾಗ ಎದೆ ಹೇಗೆ ಧಸಕ್ಕೆಂದಿತು ಅನ್ನೋದು ಆ ಹೊಗೆಯಲ್ಲಿ ಕಾಣಿಸಲಿಲ್ಲ. ದೂರದಿಂದ ನೋಡುವ ಕ್ಯಾಮೆರಾಗೆ ನಾವು ಗುಂಪು. ಇತಿಹಾಸದ ಸರಣಿಯೂ ಅದನ್ನೇ ಮಾಡಿದರೆ ಸುದ್ದಿಗೂ ನಾಟಕಕ್ಕೂ ಏನು ವ್ಯತ್ಯಾಸ ಹೇಳಿ?

ಪುಸ್ತಕದ ಕಣ್ಣು ಯಾರದ್ದು?

ಇದರ ಬೇರು ಮೂಲ ಪುಸ್ತಕದಲ್ಲೇ ಇದೆ ಅಂತ ನನಗನ್ನಿಸುತ್ತೆ. ಕಾಲಿನ್ಸ್ ಮತ್ತು ಲ್ಯಾಪಿಯೇರ್ ಇಬ್ಬರೂ ಪತ್ರಕರ್ತರು. ಬರವಣಿಗೆ ಥ್ರಿಲ್ಲರ್ ತರಹ ಓಡುತ್ತೆ. ಆದರೆ ಅವರ ಮುಖ್ಯ ಮಾಹಿತಿದಾರ ಮೌಂಟ್‌ಬ್ಯಾಟನ್. ಅವರೊಂದಿಗೆ ದೀರ್ಘ ಸಂದರ್ಶನಗಳನ್ನು ಮಾಡಿದ್ದರು. ಹಾಗಾಗಿ ಪುಸ್ತಕ ಅಧಿಕಾರ ಕೊಟ್ಟು ಹೋಗುವವರ ಕಿಟಕಿಯಿಂದ ಭಾರತವನ್ನು ನೋಡುತ್ತೆ ಅನ್ನುವ ಟೀಕೆ ಮೊದಲಿನಿಂದಲೂ ಇದೆ. ಸರಣಿ ಭಾರತೀಯ ನಾಯಕರಿಗೆ ಹೆಚ್ಚು ಜಾಗ ಕೊಟ್ಟು ಅದನ್ನು ಒಂದಷ್ಟು ತಿದ್ದಿದೆ, ಹೌದು. ಕಿಟಕಿ ಮಾತ್ರ ಅದೇ ಉಳಿದಿದೆ.

ಇದರಿಂದ ಏನಾಗುತ್ತೆ ಗೊತ್ತಾ? ಕಥೆ ಮುಖ್ಯವಾಗಿ 1946–47ರ ಮೇಜಿನ ಸುತ್ತ ನಡೆಯುವಾಗ, ಸ್ವಾತಂತ್ರ್ಯ ಅನ್ನೋದು ಮೇಜಿನ ಮೇಲೆ ಇಟ್ಟಿದ್ದ ಒಂದು ಕಾಗದ ಅನ್ನಿಸಿಬಿಡುತ್ತೆ. ಅದನ್ನು ಯಾರು ಹೇಗೆ ಹರಿದು ಹಂಚಿಕೊಂಡರು ಅನ್ನೋದಷ್ಟೇ ಕಥೆ. ಆ ಕಾಗದವನ್ನು ಮೇಜಿನ ಮೇಲೆ ತಂದು ಇಡಿಸಿದವರು ಯಾರು?

ಇಲ್ಲಿಗೆ ನಮ್ಮೂರ ದಾರಿ ಬಂತು.

ಹೈವೇ ಪಕ್ಕದ ಊರು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿ ದಾಟಿ ರಾಣೆಬೆನ್ನೂರಿನ ಕಡೆ ಬರುವಾಗ ಬ್ಯಾಡಗಿಗೆ ತಿರುಗುವ ಜಾಗವೇ ಮೋಟೆಬೆನ್ನೂರು. ದಿನಾ ಸಾವಿರಾರು ಗಾಡಿ ಹಾದು ಹೋಗುತ್ತವೆ. ಇದು ಮೈಲಾರ ಮಹಾದೇವಪ್ಪನವರ ಊರು. ಹುಟ್ಟಿದ್ದು 1911ರ ಜೂನ್ 8ರಂದು.

1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಾಗ ಜತೆಗೆ ನಡೆಯಲು ಆಯ್ಕೆಯಾದವರು 78 ಮಂದಿ. ಅವರಲ್ಲಿ ಕರ್ನಾಟಕದಿಂದ ಇದ್ದವರು ಒಬ್ಬರೇ, ಅದು ಈ ಮಹಾದೇವಪ್ಪ. ವಯಸ್ಸು 18. ಸುಮಾರು 385 ಕಿಲೋಮೀಟರ್ ನಡಿಗೆ. ನಮ್ಮ 18ರ ವಯಸ್ಸಿನಲ್ಲಿ ನಾವು ಸಿಇಟಿ ರ್‍ಯಾಂಕ್ ಬಗ್ಗೆ ತಲೆ ಕೆಡಿಸಿಕೊಂಡಿದ್ವಿ.

ಅಲ್ಲಿಂದ ವಾಪಸ್ ಬಂದು ಹಾವೇರಿ ಹತ್ತಿರದ ಕೊರಡೂರಿನಲ್ಲಿ ಆಶ್ರಮ ಕಟ್ಟಿಕೊಂಡು ಖಾದಿ ಕೆಲಸ, ಊರ ಸೇವೆ ಅಂತ ನಿಂತರು. ಜೈಲಿಗೂ ಹೋದರು. ಪತ್ನಿ ಸಿದ್ದಮ್ಮನವರೂ ಸಾಬರಮತಿಯಲ್ಲಿದ್ದು, ಚಳವಳಿಗೆ ಇಳಿದು ಜೈಲು ಕಂಡವರು. ಅದೇ 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರದ ರೈತರ ಹಾಗೆ ನಮ್ಮ ಹಿರೇಕೆರೂರು ಸೀಮೆಯ ರೈತರೂ ಕರ ಕೊಡೋದಿಲ್ಲ ಅಂತ ನಿಂತಿದ್ದರು. ಅಂದ್ರೆ ಚಳವಳಿ ನಮ್ಮ ಕಡೆ ಸುದ್ದಿಯಾಗಿ ಮಾತ್ರ ಬಂದದ್ದಲ್ಲ, ಹೊಲಮನೆಯನ್ನೇ ಪಣಕ್ಕಿಟ್ಟ ಜಗಳವಾಗಿ ಬಂದದ್ದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1942ರ ಆಗಸ್ಟ್ 8ರ ರಾತ್ರಿ ಮುಂಬೈಯಲ್ಲಿ ‘ಭಾರತ ಬಿಟ್ಟು ತೊಲಗಿ’ ಠರಾವು ಆಯ್ತು. ಮರುದಿನ ಬೆಳಗಾಗೋದರೊಳಗೆ ದೊಡ್ಡ ನಾಯಕರೆಲ್ಲ ಬಂಧನದಲ್ಲಿ. ಗಾಂಧೀಜಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ, ನೆಹರೂ ಮತ್ತು ಪಟೇಲ್ ಅಹ್ಮದ್‌ನಗರದ ಕೋಟೆಯಲ್ಲಿ. ಸರಣಿಯಲ್ಲಿ ನಾವು ನೋಡುವ ಆ ಎಲ್ಲ ಕೋಣೆಗಳೂ ಆಗ ಖಾಲಿ! ಹಾಗಾದ್ರೆ ಚಳವಳಿ ನಡೆಸಿದವರು ಯಾರು?

ಮಹಾದೇವಪ್ಪನವರಂಥವರು. ತಮ್ಮ ತಂಡ ಕಟ್ಟಿಕೊಂಡು, ಭೂಗತರಾಗಿ, ರೈಲು, ಅಂಚೆ, ಕಂದಾಯ ಹೀಗೆ ಸರ್ಕಾರ ನಡೆಯುವ ನರಗಳನ್ನೇ ಹಿಡಿದು ಅಲುಗಾಡಿಸಿದರು. 1943ರ ಏಪ್ರಿಲ್ 1ರಂದು ವರದಾ ಸೀಮೆಯ ಹೊಸರಿತ್ತಿಯಲ್ಲಿ, ಜನರಿಂದ ವಸೂಲಿ ಮಾಡಿ ವೀರಭದ್ರ ದೇವರ ಗುಡಿಯಲ್ಲಿ ಇಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಆಗ 31 ವರ್ಷ. ನನ್ನ ಓದುಗರಲ್ಲಿ ಎಷ್ಟೋ ಜನರ ವಯಸ್ಸು ಅದೇ ಇರಬಹುದು.

ಯೋಚನೆ ಮಾಡಿ. ಗಾಂಧೀಜಿ ಹಿಂದೆ ಉಪ್ಪಿಗಾಗಿ ನಡೆದ ಹುಡುಗ, ಹದಿಮೂರು ವರ್ಷಗಳ ನಂತರ ನಾಯಕರೆಲ್ಲ ಜೈಲಿನಲ್ಲಿರುವಾಗ ಸರ್ಕಾರದ ಖಜಾನೆಯ ಮೇಲೆ ದಾಳಿ ಮಾಡುವ ತಂಡದ ಮುಂದಾಳು. ಅಹಿಂಸೆಯ ಪಾಠ ಕಲಿತವನು ಆ ಗುಡಿಯ ಬಾಗಿಲಿಗೆ ಹೇಗೆ ಬಂದ? ಹಿಂದಿನ ರಾತ್ರಿ ಆ ಮೂವರು ಏನು ಮಾತಾಡಿಕೊಂಡಿರಬಹುದು? ಸಿದ್ದಮ್ಮನವರಿಗೆ ಸುದ್ದಿ ತಲುಪಿದ್ದು ಹೇಗೆ? ಇದಕ್ಕಿಂತ ದೊಡ್ಡ ನಾಟಕ ಯಾವ ಕೋಣೆಯಲ್ಲಿದೆ ಹೇಳ್ರಿ?

ಒಂದೇ ಮಧ್ಯರಾತ್ರಿ ಅಲ್ಲ

ಸರಣಿಯ ಹೆಸರಿನ ಬಗ್ಗೆಯೇ ನನಗೊಂದು ತಕರಾರಿದೆ. ‘ಮಧ್ಯರಾತ್ರಿಯ ಸ್ವಾತಂತ್ರ್ಯ’ ಅಂದ್ರೆ ಇಡೀ ದೇಶಕ್ಕೆ ಒಂದೇ ಗಡಿಯಾರ ಇತ್ತು ಅನ್ನಿಸುತ್ತೆ. ನಮ್ಮ ಜಿಲ್ಲೆಯ ಗಡಿಯಲ್ಲಿ ನಿಂತರೆ ಅದು ಹಾಗಿರಲಿಲ್ಲ ಅಂತ ಗೊತ್ತಾಗುತ್ತೆ.

ರಾಣೆಬೆನ್ನೂರು ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ತುಂಗಭದ್ರೆ ದಾಟಿದರೆ ಹರಿಹರ, ಅದು ಮೈಸೂರು ಸಂಸ್ಥಾನ. ಇವತ್ತು ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯೋದರೊಳಗೆ ದಾಟುವ ದೂರ. 1947ರ ಆಗಸ್ಟ್ 15ರಂದು ಹೊಳೆಯ ಈ ದಂಡೆಯಲ್ಲಿ ಬ್ರಿಟಿಷ್ ಆಳ್ವಿಕೆ ಮುಗಿಯಿತು. ಆ ದಂಡೆಯಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ್ದರೂ ಜನರ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಸರ್ಕಾರ ಬಂತು. ಪೂರ್ವಕ್ಕೆ ಕೊಪ್ಪಳದ ಕಡೆ ಹೋದರೆ ನಿಜಾಮರ ಸೀಮೆ, ಅಲ್ಲಿನವರು 1948ರ ಸೆಪ್ಟೆಂಬರ್ 17ರ ತನಕ ಕಾಯಬೇಕಾಯಿತು. ಈ ಮೂರೂ ಕಡೆಯ ಕನ್ನಡಿಗರು ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ.

ಅಂದ್ರೆ ಹೊಳೆಯ ಈಚೆ ದಂಡೆಯ ಬೀಗರ ಮನೆಯಲ್ಲಿ ಧ್ವಜ ಹಾರಿಸುವಾಗ, ಆಚೆ ದಂಡೆಯ ಬೀಗರ ಮನೆಯಲ್ಲಿ ಇನ್ನೂ ಹೋರಾಟ ಬಾಕಿ ಇತ್ತು. ಒಂದು ಮದುವೆ ಮನೆ ತೋರಿಸಿದರೂ ಸಾಕು, ಇಡೀ ಇತಿಹಾಸ ಅರ್ಥ ಆಗಿಬಿಡುತ್ತೆ. ದೆಹಲಿಯಲ್ಲಿ ಕೂತ ಕ್ಯಾಮೆರಾಗೆ ಅದು ಕಾಣಿಸೋದಿಲ್ಲ.

‘ಅಲ್ರೀ, ಅದು ಬೇರೆ ಕಥೆ ಅಲ್ವಾ?’

ಇದನ್ನೆಲ್ಲ ಹೇಳಿದಾಗ ನನ್ನ ಸಹೋದ್ಯೋಗಿ ಒಬ್ಬರು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು: ‘ಅಲ್ರೀ ಮೇಡಂ, ಅವರು ಅಧಿಕಾರ ಹಸ್ತಾಂತರದ ಕಥಿ ಮಾಡ್ಯಾರ. ಅದರಾಗ ಹೊಸರಿತ್ತಿ ಯಾಕ ಬರಬೇಕು?’

ಬರಬೇಕು ಅಂತ ನಾನೂ ಹೇಳ್ತಿಲ್ಲ. ಮೈಲಾರ ಮಹಾದೇವಪ್ಪನವರ ಹೆಸರು ಹಾಕಲಿಲ್ಲ ಅಂತ ನನ್ನ ಮುನಿಸು ಅಲ್ಲ. ಆ ಕೋಣೆಯೊಳಗೆ ಕೂತವರ ಬೆನ್ನ ಹಿಂದೆ ಇಂಥ ಸಾವಿರ ಊರುಗಳ ಭಾರ ಇದೆ ಅಂತ ನನಗೆ ಒಮ್ಮೆಯಾದರೂ ಅನ್ನಿಸಬೇಕಿತ್ತು. ಪಟೇಲರು ಒಂದು ಷರತ್ತಿಗೆ ಒಪ್ಪಿದಾಗ, ನೆಹರೂ ಮೇಜು ಗುದ್ದಿದಾಗ, ಅದು ಇಬ್ಬರು ದೊಡ್ಡ ಮನುಷ್ಯರ ಸ್ವಭಾವದ ಜಗಳ ಮಾತ್ರ ಅನ್ನಿಸಬಾರದಿತ್ತು.

ಹಾಗೆ ತೋರಿಸೋದು ಸಾಧ್ಯವೇ ಇಲ್ಲ ಅಂತಲೂ ಅಲ್ಲ. 1988ರಲ್ಲಿ ದೂರದರ್ಶನದಲ್ಲಿ ಬಂದ ಗೋವಿಂದ ನಿಹಲಾನಿ ಅವರ ‘ತಮಸ್’ ನೋಡಿ. ಭೀಷ್ಮ ಸಾಹನಿ ಅವರ ಕಾದಂಬರಿ ಆಧಾರಿತ. ಅದೂ ವಿಭಜನೆಯ ಕಥೆಯೇ. ಶುರುವಾಗೋದು ಮಾತ್ರ ವೈಸ್‌ರಾಯ್ ಮನೆಯಲ್ಲಲ್ಲ. ಚರ್ಮದ ಕೆಲಸ ಮಾಡುವ ನತ್ಥೂ ಅನ್ನುವ ಬಡವನಿಗೆ ಒಂದು ಹಂದಿ ಕೊಂದು ಕೊಡು ಅಂತ ಯಾರೋ ದುಡ್ಡು ಕೊಡ್ತಾರೆ. ಮರುದಿನ ಆ ಹಂದಿ ಮಸೀದಿಯ ಮೆಟ್ಟಿಲ ಮೇಲೆ ಬಿದ್ದಿರುತ್ತೆ, ಊರಿಗೆ ಬೆಂಕಿ ಬೀಳುತ್ತೆ. ಓಂ ಪುರಿ ಅವರ ಆ ಮುಖದಲ್ಲಿ ‘ಇದಕ್ಕೆ ನಾನೇ ಕಾರಣನಾ?’ ಅನ್ನುವ ಭಯ ನೋಡಿದರೆ, ದೊಡ್ಡವರ ತೀರ್ಮಾನ ಸಣ್ಣವರ ಮನೆಯೊಳಗೆ ಹೇಗೆ ನುಗ್ಗುತ್ತೆ ಅಂತ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಸೆಟ್ಟಿಗೆ ಇಷ್ಟು ದುಡ್ಡು ಆಗ ಇರಲಿಲ್ಲ. ಆದರೂ ಮೂರೂವರೆ ದಶಕ ಕಳೆದರೂ ಅದು ಮನಸ್ಸಿನಿಂದ ಹೋಗೋದಿಲ್ಲ.

ಕನ್ನಡದಲ್ಲೇ ಗಿರೀಶ ಕಾಸರವಳ್ಳಿ ಅವರು ಭೈರಪ್ಪನವರ ‘ಗೃಹಭಂಗ’ವನ್ನು ಕಿರುತೆರೆಗೆ ತಂದಿದ್ದರು. ಅದರಲ್ಲಿ ಒಬ್ಬ ನಂಜಮ್ಮ, ಅವಳ ಸಂಸಾರ, ಊರಿಗೆ ಬರುವ ಪ್ಲೇಗು. ದೇಶದ ದೊಡ್ಡ ಘಟನೆಗಳು ದೂರದಲ್ಲೆಲ್ಲೋ ಇರುತ್ತವೆ. ಆದರೂ ಆ ಕಾಲ ಹೇಗಿತ್ತು ಅಂತ ಕೇಳಿದರೆ ನನಗೆ ನೆನಪಾಗೋದು ನಂಜಮ್ಮನ ಮನೆ. ಹಳೆಯ ಟೆಲಿಫೋನು ತಂದಿಟ್ಟರೆ ಕಾಲ ಬರೋದಿಲ್ಲ. ಆ ಕಾಲದಲ್ಲಿ ಒಬ್ಬಳು ಹೆಣ್ಣುಮಗಳು ಯಾವುದಕ್ಕೆ ಹೆದರುತ್ತಿದ್ದಳು ಅಂತ ತೋರಿಸಿದರೆ ಬರುತ್ತೆ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ

ಚರಿತ್ರೆಯನ್ನು ಕಥೆ ಮಾಡಿ ಜನರ ಬಾಗಿಲಿಗೆ ಒಯ್ಯುವ ಕೆಲಸಕ್ಕೆ ಹಾವೇರಿಯಲ್ಲೇ ದೊಡ್ಡ ಹಿರಿಯರಿದ್ದರು. ಗಳಗನಾಥ ಅಂತ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿ ಅವರು. 1869ರಲ್ಲಿ ಹುಟ್ಟಿದವರು. ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಗೆ ಓದುಗರನ್ನು ಕಟ್ಟಿದವರು. ವಿಜಯನಗರದ ಸ್ಥಾಪನೆಯ ಕಾಲದ ‘ಮಾಧವ ಕರುಣಾವಿಲಾಸ’ ಅವರದ್ದೇ. ಹಾವೇರಿ ಪಕ್ಕದ ಅಗಡಿಯ ಆನಂದವನದಿಂದ ಬರುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನೂ ನಡೆಸಿದರು. ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು ಅಂತ ಇವತ್ತಿಗೂ ಹೇಳ್ತಾರೆ.

ಅವರ ಕಾದಂಬರಿಗಳಲ್ಲೂ ರಾಜರು, ಗುರುಗಳು ಇದ್ದರು, ಇಲ್ಲ ಅನ್ನೋದಿಲ್ಲ. ಆದರೆ ಓದುವವನು ಯಾರು, ಅವನ ಭಾಷೆ ಯಾವುದು, ಅವನ ಮನೆ ಎಲ್ಲಿ ಅನ್ನೋದು ಅವರಿಗೆ ಗೊತ್ತಿತ್ತು. ನಮ್ಮ ಫೋನಿಗೆ ಬರುವ ದುಬಾರಿ ಸರಣಿಗಳಿಗೆ ಆ ಓದುಗನ ವಿಳಾಸ ಗೊತ್ತಿದೆಯಾ ಅಂತ ನನ್ನ ಅನುಮಾನ.

ಇದು ಬರೀ ಟೈಮ್‌ಪಾಸ್ ವಿಷಯ ಅಲ್ಲ. ಇನ್ನು ಹತ್ತು ವರ್ಷಕ್ಕೆ ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಸ್ವಾತಂತ್ರ್ಯ ಅಂದ್ರೆ ಏನು ಅಂತ ಕಲಿಯೋದು ಪಾಠದ ಪುಸ್ತಕದಿಂದಲ್ಲ, ಇಂಥ ಸರಣಿಗಳ ತುಣುಕುಗಳಿಂದ. ಸೂಟು ಹಾಕಿದ ಐದಾರು ಜನ ಕೂತು ದೇಶ ಮಾಡಿದರು ಅಂತ ಅವರ ತಲೆಯಲ್ಲಿ ಕೂತರೆ, ಆಮೇಲೆ ಗ್ರಾಮಸಭೆಗೆ ಹೋಗಿ ಕೈಯೆತ್ತಿ ಪ್ರಶ್ನೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಮಹಾದೇವಪ್ಪ ಮೈಲಾರರ ಹೆಸರಿದೆ. 2018ರಲ್ಲಿ ಅಂಚೆ ಇಲಾಖೆ ಅವರ ಚೀಟಿ ತಂದಿದೆ. ಹಾವೇರಿಯಲ್ಲಿ ವೀರಸೌಧ ಇದೆ. ಹೆಸರು ಉಳಿದಿದೆ, ಕಥೆ ಮಾತ್ರ ಹೊಸಬರಿಗೆ ತಲುಪಿಲ್ಲ. ನಮ್ಮ ಬ್ಯಾಂಕಿನಲ್ಲೇ ಕೇಳಿ ನೋಡಿದೆ. ಬೇರೆ ಜಿಲ್ಲೆಯಿಂದ ಬಂದವರು ಹಾಗಿರಲಿ, ಇಲ್ಲೇ ಹುಟ್ಟಿದ ಇಬ್ಬರು ‘ಮೈಲಾರ ಅಂದ್ರ ಜಾತ್ರಿ ಆಗ್ತದಲ್ಲ, ಆ ಊರಿನವರೇನು?’ ಅಂದರು.

ಕನ್ನಡದಲ್ಲಿ ಈಗ ಕೈಯಲ್ಲಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಬಹಳ ಜನ ಇದ್ದಾರೆ. ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಅರಮನೆಯ ಸೆಟ್ ಬೇಡ. ಮೂರೇ ಎಪಿಸೋಡ್ ಸಾಕು. ಒಂದು ದಂಡಿಯ ದಾರಿ, ಒಂದು ಕೊರಡೂರಿನ ಚರಕ, ಒಂದು ಹೊಸರಿತ್ತಿಯ ಗುಡಿ. ಮೊದಲ ಎಪಿಸೋಡಿನಲ್ಲಿ ಗಾಂಧೀಜಿ ದೂರದಲ್ಲಿ ಬೆನ್ನು ಮಾತ್ರ ಕಾಣಿಸಿದರೂ ಸಾಕು. ಕ್ಯಾಮೆರಾ ಇರಲಿ ಹಿಂದೆ ನಡೆಯುವ ಹದಿನೆಂಟರ ಹುಡುಗನ ಮೇಲೆ, ಕಾಲಲ್ಲಿ ಬೊಬ್ಬೆ ಎದ್ದಿದ್ದರೂ ನಿಲ್ಲದೆ ನಡೆಯುವವನ ಮೇಲೆ. ಮೂರನೆಯದರಲ್ಲಿ ಸಿದ್ದಮ್ಮನವರ ಮುಖ ಇರಲಿ.

ಮಾತು ಮಾತ್ರ ನಮ್ಮ ಹಾವೇರಿ ಕನ್ನಡದಲ್ಲೇ ಇರಲಿ. ಆಗ ಅವ್ವನ ಪಕ್ಕ ಕೂತು ನಾನು ಅನುವಾದ ಮಾಡಿ ಹೇಳುವ ಕೆಲಸವೂ ತಪ್ಪುತ್ತೆ.